ಪ್ರಶ್ನೆಗುರುತಿನ ಹಿಂದಿದ್ದವಳು

ಅಕ್ಕನ ಶವ ಹೊತ್ತ ವ್ಯಾನಿನ ಹಿಂಚಕ್ರ ಚರಂಡಿಗೆ ಇಳಿದಾಗ ಇಡೀ ವ್ಯಾನನ್ನು ನಾನೊಬ್ಬನೇ ಎಡಗೈಯಲ್ಲಿ ಎತ್ತಿ ರಸ್ತೆಯ ಮೇಲಿಟ್ಟೆ. ಒಳಗೆ ಅಕ್ಕ, ಅಕ್ಕನ ಗಂಡ, ಮಗಳು, ಭಾವನ ಉಸಿರಾಟದ ಯಂತ್ರ, ಆನೆಮರಿಯಂಥ ಚಾಲಕ ಎಲ್ಲರೂ ಇದ್ದರು. ಬಲಗೈಯನ್ನೂ ಹಚ್ಚಬಹುದಿತ್ತು, ಆದರೆ ಅದರಲ್ಲಿ ಫೋನಿತ್ತು. ಫೋನಿನಲ್ಲಿ ನಮ್ಮ ಮ್ಯಾನೇಜರಿದ್ದರು.

"ಇವತ್ತು ಬೇಡ ಅನ್ಸಿದ್ರೆ ಹೇಳಿಬಿಡು, ಮುಂದಕ್ಕೆ ಹಾಕೋಣ," ಎಂದರು ಅವರು. "ಹೊಸ ಸಹಾಯಪುಟಗಳನ್ನ ನಿಮ್ಮಕ್ಕ ಇಲ್ಲದೆ ಕಳಿಸ್ತಾ ಇರೋದು ಇದೇ ಮೊದಲು. ಕೊಂಡಿಗಳನ್ನೆಲ್ಲ ಒತ್ತಿ ನೋಡಿದೀಯ ತಾನೆ?"

"ಒತ್ತಿ ಒತ್ತಿ ಬೆರಳಿನ ಗೆರೆಯೇ ಅಳಿಸಿಹೋಗಿದೆ ಸಾರ್. ಧೈರ್ಯವಾಗಿ ಕಳಿಸಿ."

ವ್ಯಾನು ಮುಂದೆ ಹೊರಟಿತು. ನಾನು ಕೈ ಒರೆಸಿಕೊಂಡು ಹತ್ತಿ ಭಾವನ ಪಕ್ಕ ಕೂತೆ.

*

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಆಫೀಸಿನಲ್ಲಿ ಎದುರು ಮೇಜಿನವಳು. ಅವಳನ್ನು ಅಕ್ಕ ಎಂದು ಕರೆದದ್ದಕ್ಕೆ ಅವಳ ಗಂಡ ಭಾವನಾದರು, ಮಗಳಿಗೆ ನಾನು ಮಾವನಾದೆ. ಮನೆಯವರೆಲ್ಲ ಸೇರಿ ನನಗೆ ಇಟ್ಟ ಹೆಸರು ಬಡಾಯಿ.

ನಮ್ಮ ಕಂಪನಿ ಮನೆಗಳಲ್ಲಿ ಇಟ್ಟುಕೊಳ್ಳುವ ಉಸಿರಾಟದ ಯಂತ್ರ ತಯಾರಿಸುತ್ತದೆ. ಶ್ವಾಸಕೋಶ ಸೋತವರ ಮೂಗಿಗೊಂದು ಪೈಪು, ಪೈಪಿನ ಆಚೆ ತುದಿಗೆ ಯಂತ್ರ, ಯಂತ್ರದ ಪರದೆಯ ಮೂಲೆಯಲ್ಲಿ ಒಂದು ಪ್ರಶ್ನೆಗುರುತು. ಯಂತ್ರ ಕೂಗಿಕೊಂಡಾಗ ಮನೆಯವರು ಗಾಬರಿಯಲ್ಲಿ ಅದನ್ನು ಒತ್ತುತ್ತಾರೆ. ಒಂದು ಪುಟ ತೆರೆದು, ಆಗಿರುವುದೇನು ಎಂದು ಹೇಳುತ್ತದೆ. ಅದರಲ್ಲಿರುವ ಕೊಂಡಿ, ಅಂದರೆ ಲಿಂಕು, ಒತ್ತಿದರೆ ಮಾಡಬೇಕಾದದ್ದೇನು ಎಂದು ಹೇಳುವ ಇನ್ನೊಂದು ಪುಟ ತೆರೆಯುತ್ತದೆ. ಆ ಪುಟಗಳನ್ನೆಲ್ಲ ಬರೆದವಳು ಅಕ್ಕ. ಎಷ್ಟು ಬರೆದಿದ್ದಳೆಂದರೆ, ಉದ್ದಕ್ಕೆ ಹಾಸಿದರೆ ಚಂದ್ರನವರೆಗೆ ನಡೆದು ಹೋಗಿ, ಅಲ್ಲಿ ಊಟ ಮುಗಿಸಿ ವಾಪಸು ಬರಬಹುದು. ಒಂದರಲ್ಲೂ ಅವಳ ಹೆಸರಿರಲಿಲ್ಲ. ಪ್ರಶ್ನೆಗುರುತಿನ ಹಿಂದೆ ಒಬ್ಬ ಹೆಂಗಸು ಕನ್ನಡಕ ಹಾಕಿಕೊಂಡು ಕೂತಿದ್ದಾಳೆಂದು ಒತ್ತುವವರಿಗೆ ತಿಳಿಯುವ ಬಗೆಯೇ ಇರಲಿಲ್ಲ.

ಪ್ರತಿ ಸಲ ಪುಟಗಳನ್ನು ಹೊಸದಾಗಿ ಸಿದ್ಧಪಡಿಸುವಾಗ ಅವಳದೊಂದು ಹಟವಿತ್ತು. ಹಿಂದಿನ ಸಲ ಸಿದ್ಧಪಡಿಸಿದ ಪುಟಗಳನ್ನೆಲ್ಲ ಮೊದಲು ಅಳಿಸಿಹಾಕುವಳು. ಹೊಸದಾಗಿ ಆದದ್ದನ್ನು ಮನೆಗೊಯ್ದು ಗಂಡನ ಯಂತ್ರಕ್ಕೇ ಹಾಕಿ, ಒಂದೊಂದು ಕೊಂಡಿಯನ್ನೂ ಒತ್ತಿ ನೋಡುವಳು. ಗಂಡನ ಮೂಗಿನಲ್ಲಿರುವ ಯಂತ್ರದ ಮೇಲೆ ಪ್ರಯೋಗವೇ ಎಂದು ನಾವು ಕೇಳಿದರೆ, "ತಪ್ಪಿದ್ರೆ ಮೊದಲು ನಮ್ಮನೇಲಿ ಗೊತ್ತಾಗ್ಲಿ. ಆಮೇಲೆ ಊರವರ ಮನೆ," ಎನ್ನುವಳು. ಆಫೀಸಿನವರೂ ಅದನ್ನೇ ಪದ್ಧತಿ ಮಾಡಿದರು: ಹೊಸ ಪುಟಗಳು ಮಧ್ಯಾಹ್ನ ಭಾವನ ಯಂತ್ರಕ್ಕೆ, ಸಂಜೆ ಉಳಿದ ಮನೆಗಳಿಗೆ.

ನಾವು ಅವಳನ್ನು ಒತ್ತಿನೋಡಕ್ಕ ಎಂದು ಆಡಿಕೊಳ್ಳುತ್ತಿದ್ದೆವು. ಹಾಗೆ ಕರೆಯುವವರ ಗಂಟಲನ್ನೂ ಒಂದು ದಿನ ಒತ್ತಿ ನೋಡುತ್ತೇನೆಂದು ಅವಳು ನಗುತ್ತಿದ್ದಳು.

*

ಚಿತಾಗಾರದ ಗೇಟಿನಲ್ಲಿ ನಾವು ಸುಮ್ಮನೆ ಅಲೆದಾಡಬೇಕಾಯಿತು. ಹೊಸ ಬಾಗಿಲ ಮೇಲೆ ಹೊಸ ಬೋರ್ಡಿತ್ತು, ಆದರೂ ಕಾವಲುಗಾರ ನಮ್ಮನ್ನು ಹಿಂಬದಿಗೆ ಕಳಿಸಿದ. ಹಿಂಬದಿಯಲ್ಲಿ ಬಾಗಿಲಿದ್ದ ಕಡೆ ಗೋಡೆ ಎದ್ದಿತ್ತು. ಕೊನೆಗೆ ಕಾಯುವ ಕೋಣೆ ಸಿಕ್ಕಿ ಎಲ್ಲರೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತ ಮೇಲೆ ಚಾಲಕ ಬೆವರೊರೆಸಿಕೊಂಡ.

"ಬೋರ್ಡು ಬದಲಾಯ್ಸಿದಾರೆ, ಆ ಮನುಷ್ಯನಿಗೆ ಒಂದು ಮಾತು ಹೇಳಿಲ್ಲ," ಎಂದ. "ಅವನೇನು ಮಾಡ್ತಾನೆ? ತನಗೆ ಗೊತ್ತಿರೋ ಕಡೆಗೇ ಕಳಿಸ್ತಾನೆ."

ಭಾವ ಕೂಡ ಸ್ವಲ್ಪ ನಕ್ಕರು. ನನಗೆ ಮಾತ್ರ ಆಫೀಸಿನಲ್ಲಿ ನಾನು ಬದಲಾಯಿಸಿದ ಹೆಸರುಗಳು ನೆನಪಾದವು.

*

ಅಕ್ಕ ಆಸ್ಪತ್ರೆ ಸೇರಿದ ವಾರ ಅವಳ ಪುಟಗಳು ನನ್ನ ಪಾಲಿಗೆ ಬಂದವು. ಕಡತಗಳಿಗೆ ಅವಳಿಟ್ಟ ಹೆಸರುಗಳನ್ನು ನೋಡಬೇಕಿತ್ತು: ಗಾಳಿ ನಿಂತಾಗ, ಗಾಳಿ ನಿಂತಾಗ ಹೊಸದು, ಗಾಳಿ ನಿಂತಾಗ ಇದೇ ಸರಿ. ಮನೆ ಗುಡಿಸಿ ಸಾರಿಸಿಡೋಣ ಎಂದುಕೊಂಡು ಫೋಲ್ಡರು ತೆರೆದೆ. ಒಂದೇ ಬೆಳಗ್ಗೆ ಎಲ್ಲಕ್ಕೂ ಚೊಕ್ಕ ಹೆಸರಿಟ್ಟೆ. ಅಷ್ಟು ಚಂದದ ನಾಮಕರಣ ಭೂಮಂಡಲದಲ್ಲಿ ಯಾರೂ ಮಾಡಿರಲಾರರು.

ಆದರೆ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲೇ ಅವಳು ಹೇಳಿದ್ದಳು: "ಹೆಸರು ಬದಲಾಯಿಸೋದಾದ್ರೆ ಪುಟ ಮಾಡೋ ಸಾಫ್ಟ್‌ವೇರ್ ಒಳಗಿಂದಾನೇ ಬದಲಾಯಿಸು. ಆಗ ಅದು ಪ್ರತಿ ಕೊಂಡಿಗೂ ಹೊಸ ವಿಳಾಸ ತಿಳಿಸುತ್ತೆ. ಫೋಲ್ಡರಿಗೆ ಹೋಗಿ ಹೊರಗಿಂದ ಬದಲಾಯಿಸಿದ್ರೆ ಅದಕ್ಕೆ ಗೊತ್ತೇ ಆಗಲ್ಲ ಕಣೋ. ಪಾಪ, ಖಾಲಿ ಮನೆ ಬಾಗಿಲು ತಟ್ಟುತ್ತಾ ನಿಂತಿರುತ್ತೆ."

ನಾನು ಹೊರಗಿಂದ ಬದಲಾಯಿಸಿದ್ದೆ. ಒತ್ತಿ ನೋಡಿದಾಗ ಪುಟಗಳು ತೆರೆದದ್ದು ಸುಳ್ಳಲ್ಲ, ಆದರೆ ಅದು ನನ್ನ ಕಂಪ್ಯೂಟರಿನಲ್ಲಿ. ಅಲ್ಲಿ ಹಿಂದಿನ ಸಲದ ಪುಟಗಳು ಇನ್ನೂ ಬಿದ್ದಿದ್ದವು. ನಾನು ಅಳಿಸಿರಲಿಲ್ಲ. ಹಳೆಯ ಕೊಂಡಿಗಳಿಗೆ ಹಳೆಯ ಪುಟಗಳು ಬಾಗಿಲು ತೆರೆದಿದ್ದವು. ಬೇರೆಯವರ ಯಂತ್ರದಲ್ಲಿ ಹೊಸವು ಬಂದ ಕೂಡಲೇ ಆ ಹಳೆಯ ಪುಟಗಳು ಅಳಿಸಿಹೋಗುತ್ತವೆ.

*

ಭಾವನ ಯಂತ್ರ ಟಿಣ್ ಎಂದಿತು. ಪರದೆಯ ಮೇಲೆ ಹೊಸ ಸಹಾಯಪುಟಗಳು ಬಂದಿವೆ ಎಂಬ ಸಾಲು ಮೂಡಿತು.

"ನಿಮ್ಮಕ್ಕನ ಕಾಗದ ಬಂತು ನೋಡು," ಎಂದರು ಭಾವ. ಪ್ರತಿ ಸಲವೂ ಹೀಗೆಯೇ ಅನ್ನುತ್ತಿದ್ದರಂತೆ.

ನಾನು ಪರದೆ ನೋಡಲೆಂದು ಕುರ್ಚಿಯನ್ನು ಅವರ ಕಡೆಗೆ ಎಳೆದುಕೊಂಡು ಕೂತೆ. ಜೇಬಿನಲ್ಲಿ ಫೋನಿತ್ತು. ಮ್ಯಾನೇಜರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಆ ಮಾತು ಹೇಳಿದರೆ, ಬೆಳಗ್ಗೆ ಅಷ್ಟು ಜಂಭದಲ್ಲಿ ಕಳಿಸಿ ಎಂದವನು ನಾನೇ ಎಂಬುದೂ ಹೊರಬೀಳುತ್ತಿತ್ತು. ಇಲ್ಲಿಯ ಕೆಲಸ ಮುಗಿದ ಮೇಲೆ ಆಫೀಸಿಗೆ ಓಡಿ, ಸಂಜೆಯೊಳಗೆ ಯಾರಿಗೂ ತಿಳಿಯದಂತೆ ಸರಿಮಾಡಿಬಿಡೋಣ ಎಂದು ಲೆಕ್ಕ ಹಾಕಿದೆ. ಭಾವನ ಯಂತ್ರ ಇವತ್ತೇ ಯಾಕೆ ಕೈಕೊಡುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಯಂತ್ರ ಕೂಗಿಕೊಂಡಿತು.

ಭಾವ ಬಾಯಿ ತೆರೆದರು, ಒಳಗೆ ಏನೂ ಹೋಗಲಿಲ್ಲ. ಇಷ್ಟು ವರ್ಷ ಆ ಯಂತ್ರವನ್ನು ನೋಡಿಕೊಂಡವಳು ಅಕ್ಕ. ಮಗಳು ಅದನ್ನು ಮುಟ್ಟಿದವಳಲ್ಲ. ಅವಳು ಮಂಡಿಯೂರಿ ಪ್ರಶ್ನೆಗುರುತು ಒತ್ತಿದಳು. ಮೊದಲ ಪುಟ ತೆರೆಯಿತು: ಗಾಳಿ ಹೋಗುತ್ತಿಲ್ಲ, ಏನು ಮಾಡಬೇಕೆಂದು ತಿಳಿಯಲು ಇಲ್ಲಿ ಒತ್ತಿ. ಒತ್ತಿದಳು.

ಪುಟ ಸಿಗಲಿಲ್ಲ.

ಹಿಂದಕ್ಕೆ ಬಂದು ಮತ್ತೆ ಒತ್ತಿದಳು. ಮತ್ತೆ ಅದೇ. ಅವಳು ನನ್ನ ಕಡೆ ತಿರುಗಿದಳು. "ಮಾವ, ಅಮ್ಮನ ಪುಟ ಎಲ್ಲಿ?"

ಭಾವನ ತುಟಿ ನೀಲಿಗೆ ತಿರುಗುತ್ತಿತ್ತು.

ಆಗ ನಾನು ಹುಲಿಯ ಹಾಗೆ ಎಗರಿದೆ. ಯಂತ್ರಕ್ಕೆ ಕಿವಿಯಿಟ್ಟು ಕಾಯಿಲೆ ಏನೆಂದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಂಡುಹಿಡಿದೆ. ಒಂದು ಕೈಯಲ್ಲಿ ಭಾವನನ್ನು ಎದೆಗೊರಗಿಸಿಕೊಂಡು, ಇನ್ನೊಂದು ಕೈಯಲ್ಲಿ ಪೈಪು ಬಿಚ್ಚಿ, ಊದಿ, ಮತ್ತೆ ಜೋಡಿಸಿ ಅವರನ್ನು ಯಮನ ಮಡಿಲಿನಿಂದ ಕಿತ್ತು ತಂದೆ. ಹೊರಗೆ ಹೋಗಿದ್ದ ಚಾಲಕ ಸದ್ದು ಕೇಳಿ ಓಡಿಬಂದಾಗ ಅವನಿಗೆ ನಾನು ಹೇಳಿದ್ದು ಇದನ್ನೇ. ಅವನು ಬಾಯಿಬಿಟ್ಟುಕೊಂಡು ಕೇಳುತ್ತಿದ್ದ.

"ಮಾವ," ಎಂದಳು ಮಗಳು ನನ್ನ ಹಿಂದಿನಿಂದ. ಕೂಗಾಡಲಿಲ್ಲ. "ಪೈಪಿನ ಮೇಲೆ ಕೂತಿದ್ದಿದ್ದು ಯಾರು ಅಂತಾನೂ ಹೇಳಿ."

ಹೇಳದೆ ವಿಧಿಯಿರಲಿಲ್ಲ.

ಕೂತಿದ್ದವನು ನಾನು. ಎಳೆದುಕೊಂಡ ಕುರ್ಚಿಯ ಕಾಲು ಪೈಪಿನ ಮೇಲಿತ್ತು, ಕುರ್ಚಿಯ ಮೇಲೆ ನನ್ನ ಇಡೀ ಭಾರವಿತ್ತು. ಭಾವ ಎರಡೂ ಕೈಯಿಂದ ನನ್ನ ಭುಜ ತಳ್ಳಿದರು. ಹೆದರಿ ಹಿಡಿದುಕೊಳ್ಳುತ್ತಿದ್ದಾರೆ ಎಂದುಕೊಂಡು ನಾನು ಅವರ ಕೈಗಳನ್ನು ಅಪ್ಪಿ ಹಿಡಿದು, "ನಾನಿದೀನಿ ಭಾವ," ಎನ್ನುತ್ತಾ ಇನ್ನಷ್ಟು ಊರಿ ಕೂತೆ. ಅವರು ಕಣ್ಣಿನಲ್ಲೇ ಕೆಳಗೆ ತೋರಿಸಿದ್ದನ್ನು ನೋಡಿದವಳು ಮಗಳು. ಅವಳು ನನ್ನ ಕಾಲರು ಹಿಡಿದು ಎಬ್ಬಿಸಿ ಕುರ್ಚಿಯನ್ನು ಒದ್ದಳು. ಚಪ್ಪಟೆಯಾಗಿದ್ದ ಪೈಪು ಮತ್ತೆ ದುಂಡಗಾಯಿತು. ಯಂತ್ರ ಸುಮ್ಮನಾಯಿತು.

ಉಸಿರು ಬಂದ ಮೇಲೆ ಭಾವ ನನ್ನನ್ನು ಬೈಯಲಿಲ್ಲ. "ಆ ಪುಟದ ಮೊದಲ ಸಾಲೇ ಅದು ಕಣೋ," ಎಂದರು, ಒಂದೊಂದು ಮಾತಿಗೂ ನಿಂತು ನಿಂತು. "'ಎದ್ದು ನಿಲ್ಲಿ. ಪೈಪಿನ ಮೇಲೆ ಯಾರಾದ್ರೂ ಕೂತಿದಾರಾ ನೋಡಿ.' ಹಾಗೆಲ್ಲ ಬರೆಯೋದು ಚೆನ್ನಾಗಿರಲ್ಲ ಅಂತ ಆಫೀಸಿನವರು ಅಂದ್ರಂತೆ. ಇವಳು ಬಿಡಲಿಲ್ಲ. ಬರೆದಿದ್ದನ್ನೆಲ್ಲ ನನಗೆ ಓದಿ ಹೇಳೋಳು."

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಸಂಜೆ ಈ ಪುಟ ಎಲ್ಲರ ಮನೇಲೂ ಹೀಗೇ ಕಾಣೆಯಾಗುತ್ತಾ?"

ನೆಟ್‌ವರ್ಕಿನದೇನೋ ತೊಂದರೆ ಇರಬೇಕು ಎಂದು ಗೊಣಗಿದೆ. ಅವಳು ನನ್ನ ಜೇಬಿಗೇ ಕೈಹಾಕಿ ಫೋನು ತೆಗೆದಳು.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಇಬ್ಬರು ಆಳುಗಳು ಅಕ್ಕನನ್ನು ಮಲಗಿಸಿದ್ದ ಗಾಲಿಮಂಚವನ್ನು ಬಾಗಿಲ ಕಡೆಗೆ ತಳ್ಳತೊಡಗಿದರು. ಚಾಲಕ ಯಂತ್ರವನ್ನು ಎತ್ತಿಕೊಂಡ. ಭಾವ ಎದ್ದು, ಎಲ್ಲರಿಗಿಂತ ಮುಂದಾಗಿ ಅವಳ ಹಿಂದೆ ನಡೆದರು. ಪೈಪು ನೆಲದ ಮೇಲೆ, ಅಷ್ಟೊಂದು ಕಾಲುಗಳ ನಡುವೆ ಎಳೆದಾಡಿತು. ನಾನು ಬಗ್ಗಿ ಅದನ್ನು ಎರಡೂ ಅಂಗೈಯಲ್ಲಿ ಎತ್ತಿ, ತಲೆಗಿಂತ ಮೇಲೆ ಹಿಡಿದೆ. ಒಳಗೆ ಗಾಳಿ ಹರಿಯುವುದು ಬೆರಳಿಗೆ ತಿಳಿಯುತ್ತಿತ್ತು. ಇಳಿಸಲು ಭಯ. ಹಾಗೆಯೇ ಹಿಂದೆ ಹಿಂದೆ ನಡೆದೆ. ಪಕ್ಕದಲ್ಲಿ ಮಗಳು ಹೆಜ್ಜೆ ಹಾಕುತ್ತಾ ಫೋನನ್ನು ನನ್ನ ಬಾಯಿಗೆ ಹಿಡಿದಿದ್ದಳು. ಆ ಕಡೆ ಮ್ಯಾನೇಜರು ಹಲೋ ಹಲೋ ಎನ್ನುತ್ತಿದ್ದರು.

"ಸಾರ್, ಕಳಿಸಬೇಡಿ, ನಿಲ್ಲಿಸಿ," ಎಂದೆ. "ಹೆಸರುಗಳನ್ನ ಹೊರಗಿಂದ ಬದಲಾಯಿಸಿದ್ದು ನಾನು. ಕೊಂಡಿ ಒತ್ತಿ ನೋಡಿದ್ದು ಎರಡೇ ಎರಡು."