ಅಂಟಿನ ನಂಟಿನ ಕಾಂತಿ ಮೇಡಂ

ಅಪರಿಚಿತರನ್ನು ಅಪರಿಚಿತರಾಗಿಯೇ ಬಿಟ್ಟು ಬರುವ ಸ್ವಭಾವ ಕಾಂತಿ ಮೇಡಂ ಅವರದಲ್ಲ. ‘ಊರು ಯಾವುದು? ಯಾರ ಮನೆ?’ ಎಂದು ಕೇಳಲಾರಂಭಿಸಿದರೆ, ಅತ್ತೆಯ ಕಡೆಯಿಂದಲೋ ಅಂಗನವಾಡಿಯ ಕಡೆಯಿಂದಲೋ ಒಂದು ಹಿಡಿತ ಸಿಗುವ ತನಕ ಎದುರಿನವರಿಗೆ ಬಿಡುಗಡೆಯಿಲ್ಲ. ನಾರಾವಿಯಿಂದ ಮೂಡಬಿದಿರೆಯ ಕಾಲೇಜಿಗೆ ಪಾಠ ಮಾಡಲು ಅವರು ಬರುವ ಬಸ್ಸಿನ ಹೊಸ ಕಂಡಕ್ಟರ್ ಹನೀಫಾನ ಅಜ್ಜ ತಮ್ಮ ತವರಿಗೆ ಒಣಮೀನು ತರುತ್ತಿದ್ದವರೆಂದು ಪತ್ತೆಯಾದ ದಿನ, ಆ ಸಂಭ್ರಮದಲ್ಲಿ ಇವರು ಟಿಕೆಟ್ ಕೇಳಲಿಲ್ಲ, ಅವನು ಕೊಡಲೂ ಇಲ್ಲ. ನಡುವೆ ಹತ್ತಿದ ಚೆಕಿಂಗಿನವನು ಹುಬ್ಬು ಗಂಟಿಕ್ಕಿದಾಗ ಮೇಡಂ ಅವನ ಊರನ್ನೂ ಕೇಳಿದರು. ಹೆಸರಿನಲ್ಲಷ್ಟೇ ಕಾಂತಿ, ಸ್ವಭಾವದಲ್ಲಿ ಅಯಸ್ಕಾಂತ.

ನಡಿಗೆಯೂ ಅದೇ ಜಾಯಮಾನದ್ದು. ಬಲಗಾಲನ್ನು ಮುಂದಕ್ಕೆ ಚಾಚಿ, ನೆಲದ ಭರವಸೆಯನ್ನು ಹೆಬ್ಬೆರಳಿನಿಂದ ಒತ್ತಿ ಪಡೆದು, ಆಮೇಲಷ್ಟೇ ತುಂಬು ಶರೀರವನ್ನು ಅದರ ಹಿಂದೆ ಎಳೆದುಕೊಳ್ಳುತ್ತಾರೆ. ಬಿಳಿ ಕೋಟಿನ ಕಿಸೆಯಲ್ಲಿ ನೆಲಗಡಲೆ ಚಿಕ್ಕಿ ಕಟಕಟ ಎನ್ನುತ್ತಿರುತ್ತದೆ. ಜೀವಕೋಶ ಹೇಗೆ ಚಲಿಸುತ್ತದೆಂದು ಎಂಎಸ್ಸಿ ತರಗತಿಯಲ್ಲಿ ಅವರು ಪ್ರತ್ಯೇಕವಾಗಿ ವಿವರಿಸಬೇಕಿಲ್ಲ, ಬಾಗಿಲಿನಿಂದ ಬೋರ್ಡಿನವರೆಗೆ ನಡೆದರೆ ಸಾಕು.

‘ರಕ್ತದ ಕೋಶ ಬಿಡಿ, ಅದು ಕಂಡಕ್ಟರ್ ಹಾಗೆ, ತಿರುಗಿಯೇ ಬದುಕ್ತದೆ,’ ಎನ್ನುತ್ತಾರೆ. ‘ಉಳಿದದ್ದಕ್ಕೆ ಸುತ್ತ ನಾರಿನ ಹಾಸು ಬೇಕು ಮಾರಾಯ್ರೆ. ಪೊರೆಯಿಂದ ಇಂಟಿಗ್ರಿನ್ ಅಂತ ಕೈ ಹೊರಗೆ ಹಾಕಿ ಹಾಸನ್ನು ಹಿಡಿಯುತ್ತದೆ. ಹಿಡಿತ ಸಿಕ್ಕಿದ ಸುದ್ದಿ ಒಳಗೆ ಹೋದ್ರೆ ಬದುಕ್ತದೆ, ಬೆಳೀತದೆ. ಸುದ್ದಿಯೇ ಬಾರದಿದ್ರೆ? ತನ್ನನ್ನು ತಾನೇ ಮುಗಿಸಿಕೊಳ್ತದೆ!’

ಮಾಣಿ ಎಂಬ ಊರಿನಿಂದ ಬರುವ ವಿದ್ಯಾರ್ಥಿನಿ ಫಿದಾ ಹೆಸರಿಗೆ ತಕ್ಕಂತೆ ಈ ಪಾಠಕ್ಕೆ ಫಿದಾ ಆಗಿ, ಚರ್ಮದ ಕೋಶಗಳನ್ನು ಬೆಳೆಸುವ ಪ್ರಾಜೆಕ್ಟ್ ಹಿಡಿದಳು. ಆದರೆ ಹಾಕಿದ ಕೋಶಗಳೆಲ್ಲ ತಟ್ಟೆಯಲ್ಲಿ ದುಂಡಗೆ ತೇಲಿ, ಮುದುಡಿ ಸತ್ತವು. ಮತ್ತೆ ಹಾಕಿದರೆ ಮತ್ತೆ ಅದೇ ಗತಿ. ಕಡೆಗೆ ಶೈತ್ಯಪೆಟ್ಟಿಗೆಯಲ್ಲಿ ಉಳಿದದ್ದು ಕೋಶಗಳ ಒಂದೇ ಸೀಸೆ.

‘ನನ್ನ ಕೈಯೇ ಸರಿ ಇಲ್ಲ ಮೇಡಂ. ಇದು ಬಿಟ್ಟು, ಪುಸ್ತಕ ನೋಡಿ ಬರೆಯುವಂಥ ವಿಷಯ ಎಂಥದಾದ್ರೂ ತೆಗೊಳ್ತೇನೆ.’

‘ಕೈಗೆ ಎಂಥ ಆಗಿದೆ? ಬೆರಳೆಲ್ಲ ಉಂಟಲ್ಲ?’ ಎಂದು ಮೇಡಂ ಆ ಕೈಗೆ ಚಿಕ್ಕಿ ತುರುಕಿದರು.

ಕೋಶಗಳಿಗೆ ಹಾಕುವ ಪೋಷಕದ್ರವ ನೋಡಿದರು, ಇನ್‌ಕ್ಯುಬೇಟರಿನ ಶಾಖ ನೋಡಿದರು, ಯಾವುದರಲ್ಲೂ ದೋಷವಿಲ್ಲ. ಕೊನೆಗೆ ಏನೋ ಹೊಳೆದು, ಖಾಲಿ ತಟ್ಟೆಗೆ ಒಂದು ಹನಿ ನೀರು ಬಿಟ್ಟರು. ಹನಿ ಹರಡಲಿಲ್ಲ. ಕೆಸುವಿನೆಲೆಯ ಮೇಲಿದ್ದಂತೆ ಗುಂಡಗೆ, ನಿರ್ಲಿಪ್ತವಾಗಿ ಕುಳಿತಿತು. ಮೇಡಂ ಅದನ್ನೇ ದಿಟ್ಟಿಸಿ, ಪಕ್ಕದ ತರಗತಿಯ ಪಾಠ ನಿಲ್ಲುವಷ್ಟು ಜೋರಾಗಿ ನಕ್ಕುಬಿಟ್ಟರು.

‘ಊರಿಗೆಲ್ಲ ಊರು ಕೇಳುವವಳು ನಾನು, ಈ ತಟ್ಟೆಯದ್ದು ಕೇಳ್ಲಿಲ್ಲ ನೋಡು! ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ ಇದು. ತರಿಸಿದವಳು ನಾನೇ. ನೀರೇ ಅಂಟದ ಇದಕ್ಕೆ ನಮ್ಮ ಕೋಶ ಅಂಟುವುದು ಹೇಗೆ? ನಿನ್ನ ಕೈ ಸರಿ ಉಂಟು ಫಿದಾ, ಕೆಟ್ಟದ್ದು ನನ್ನ ತಲೆ.’

‘ಈಗ ಎಂಥ ಮಾಡುವುದು ಮೇಡಂ?’

‘ಜೆಲಟಿನ್ ಬಳಿಯುವ. ಚರ್ಮದ ಹಾಸಿನಲ್ಲಿ ಕೊಲಾಜೆನ್ ಉಂಟಲ್ಲ, ಅದನ್ನೇ ಬೇಯಿಸಿ ತೆಗೆದದ್ದು ಅದು. ಚಾಪೆ ಹಾಕದೆ ನೆಂಟರನ್ನು ಕೂತ್ಕೊಳ್ಳಿ ಅಂದದ್ದು ನಾವು!’

ಬಳಿದರು, ಒಣಗಿಸಿದರು. ಉಳಿದಿದ್ದ ಆ ಕೊನೆಯ ಸೀಸೆಯನ್ನು ತೆರೆದು ಕೋಶಗಳನ್ನು ತಟ್ಟೆಗೆ ಹಾಕುವಾಗ ಮೇಡಂ ಬೇಕೆಂದೇ ದೂರ ನಿಂತು, ಫಿದಾಳ ಕೈಗೇ ಕೆಲಸ ಬಿಟ್ಟರು.

ಮರುದಿನ ಬೆಳಿಗ್ಗೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟ ಹುಡುಗಿ ಚೀರಿದಳು: ‘ಮೇಡಂ, ಕೂತಿದೆ! ಕಾಲು ಚಾಚಿ ಕೂತಿದೆ!’

ಮೇಡಂ ಬಗ್ಗಿ ನೋಡಿದರು. ‘ಹೌದಲ್ಲ! ಇನ್ನು ಇವರನ್ನು ಎಬ್ಬಿಸುವುದೇ ಕಷ್ಟ ಮಾರಾಯ್ತಿ.’

ಫಿದಾ ಬೇರೆ ವಿಷಯದ ಮಾತೆತ್ತಲಿಲ್ಲ. ಕಲಿಸುವವರಲ್ಲಿ ಇಂಥದೊಂದು ವಿರಳ ಸಂತತಿಯುಂಟು: ತಮ್ಮ ಪ್ರಮಾದಕ್ಕೆ ತಾವೇ ಮೊದಲು, ಎಲ್ಲರಿಗೂ ಕೇಳುವಂತೆ ನಗಬಲ್ಲವರು. ಅವರ ನೆರಳಿನಲ್ಲಿ ಕಲಿಯುವವರು ತಪ್ಪುವುದೇನೂ ಕಡಿಮೆಯಾಗುವುದಿಲ್ಲ; ಆದರೆ ತಪ್ಪಿದೆನೆಂದು ಹೆದರಿ ಎದ್ದು ಹೋಗುವುದಿಲ್ಲ, ಅಷ್ಟೇ.