ನಿಂತರೆ ಬಿಸಿ, ಓಡಿದರೆ ತಂಪು

ಆ ವಾರ ನೆರಿಯೋ ಬೊಸ್ಕಾನನ ಕಾರಿನ ಕಿಟಕಿಯೊಳಗೆ ಬಂದ ಕೈಗಳೆಲ್ಲ ಹಾಗೆಯೇ ಹೊರಗೆ ಹೋದವು. ಸುಡುಬಿಸಿಲಿನ ಮರಾಕೈಬೋ ಊರಿನ ಬೆಯಾ ವಿಸ್ತಾ ರಸ್ತೆಯಲ್ಲಿ ಸೀಟಿನ ಲೆಕ್ಕದ ಬಾಡಿಗೆ ಕಾರು ಹತ್ತುವವರು ಮೊದಲು ಏಸಿಯ ಗಾಳಿಗೆ ಅಂಗೈ ಒಡ್ಡಿ ನೋಡುತ್ತಾರೆ. ತಂಪಿದ್ದರೆ ಬಾಗಿಲು ತೆಗೆಯುತ್ತಾರೆ, ಇಲ್ಲದಿದ್ದರೆ ಹಿಂದಿನ ಕಾರಿಗೆ ನಡೆಯುತ್ತಾರೆ. ಚಾಲಕನ ಮುಖ ನೋಡುವ ರೂಢಿ ಯಾರಿಗೂ ಇಲ್ಲ.

"ಈಗ ತಾನೇ ಹಾಕಿದೀನಿ, ಅಮ್ಮಾ. ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತೆ," ಎಂದ ನೆರಿಯೋ.

"ಆಗುತ್ತೆ, ಡಿಸೆಂಬರಿಗೆ," ಎಂದು ಆ ಹೆಂಗಸು ಕೈ ಒರೆಸಿಕೊಂಡು ಹೋದಳು.

ಕಾರು ಎಪ್ಪತ್ತೊಂಬತ್ತನೆಯ ಇಸವಿಯದು. ದೋಣಿಯಷ್ಟು ಉದ್ದ, ಕಡುನೀಲಿ ಬಣ್ಣ. ಹಿಂದೆ ಮೂವರು, ಮುಂದೆ ಚಾಲಕನ ಪಕ್ಕ ಇಬ್ಬರು ಕೂರಬಹುದು. ಹೊಸದರಲ್ಲಿ ಅದರ ಏಸಿ ಎಷ್ಟು ಜೋರಿತ್ತೆಂದರೆ, ಒಳಗಿದ್ದವರು ಕೆಳಗಿಳಿದ ಕೂಡಲೇ ಅವರ ಕನ್ನಡಕಗಳು ಮಂಜಾಗುತ್ತಿದ್ದವು. ಈಗ ಅದರ ಗಾಳಿ ಜ್ವರ ಬಂದವರ ಉಸಿರಿನ ಹಾಗಿತ್ತು.

ಸಾಲಿನಲ್ಲಿ ಹಿಂದಿನ ಕಾರಿನ ಚಾಲಕ ಎಬೆರ್ತೋ ಬಂದು ಬಾನೆಟ್ ಎತ್ತಿ, ನೋಡದೆಯೇ ಮುಚ್ಚಿದ. "ಗ್ಯಾಸ್ ಕಮ್ಮಿ ಆಗಿದೆ ಕಣೋ. ಏಸಿ ತಣ್ಣಗಿಲ್ಲ ಅಂದ್ರೆ ಗ್ಯಾಸ್. ನನ್ ಹತ್ರ ಒಂದ್ ಡಬ್ಬಿ ಇದೆ."

ಡಬ್ಬಿ ಖಾಲಿಯಾಯಿತು. ಏಸಿ ಇನ್ನಷ್ಟು ಬಿಸಿಯಾಯಿತು. ಎಬೆರ್ತೋ ಇನ್ನೊಂದು ಡಬ್ಬಿ ತಂದ. ಅದೂ ಮುಗಿದ ಮೇಲೆ ಎಂಜಿನ್ನಿನ ಕಡೆಯಿಂದ ಹಲ್ಲು ಕಡಿಯುವಂಥ ಸದ್ದು ಬರತೊಡಗಿತು.

"ಇದು ವಯಸ್ಸು," ಎಂದ ಎಬೆರ್ತೋ. "ವಯಸ್ಸಿಗೆ ಡಬ್ಬಿ ಇಲ್ಲ."

ಅದೇ ದಿನಗಳಲ್ಲಿ ನೆರಿಯೋನ ಅತ್ತೆ ದೋನ್ಯಾ ಎಗ್ದಾಳ ಮಂಡಿಗೆ ಡಾಕ್ಟರು ಬೆಳಗಿನ ವ್ಯಾಯಾಮ ಬರೆದುಕೊಟ್ಟರು. ಚಿಕಿತ್ಸಾಲಯ ಬೆಯಾ ವಿಸ್ತಾದ ಆ ತುದಿಯಲ್ಲಿತ್ತು. ಹೆಂಡತಿ ಸುಲಾಯ್ ಏನೂ ಕೇಳದೆ, ಅಮ್ಮನನ್ನು ತಂದು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಸೀಟಿನ ಮೇಲೊಂದು ದಿಂಬು ಇಟ್ಟು, ಮನೆಯೊಳಗೆ ಹೋದಳು.

ದೋನ್ಯಾ ಎಗ್ದಾ ಅಳಿಯನೊಡನೆ ಮಾತಾಡುತ್ತಿರಲಿಲ್ಲ. ಮದುವೆಯ ದಿನ ಅವನ ಆಗಿನ ಕಾರು ಅರ್ಧ ದಾರಿಯಲ್ಲಿ ಕೆಟ್ಟು ನಿಂತು, ಮದುವಣಗಿತ್ತಿ ಬಾಳೆಕಾಯಿ ಲಾರಿಯಲ್ಲಿ ಕೂತು ಚರ್ಚಿಗೆ ಬಂದಿದ್ದಳು. ಅಂದಿನಿಂದ ಅತ್ತೆಯ ಮಾತುಗಳು ಸುಲಾಯ್ ಮೂಲಕವೇ ಅವನನ್ನು ಮುಟ್ಟುತ್ತಿದ್ದವು. ಸುಲಾಯ್‌ಗೆ ಮೂರು ಮಕ್ಕಳಾದವು, ಅವರು ದೊಡ್ಡವರಾದರು, ಏರ್ಪಾಡು ಬದಲಾಗಲಿಲ್ಲ. ಕಾರಿನಲ್ಲಿ ಸುಲಾಯ್ ಇರಲಿಲ್ಲ. ಸ್ಟೀರಿಂಗಿನ ಪಕ್ಕ ಅಂಟಿಸಿದ್ದ, ಊರಿನವರೆಲ್ಲ ನಂಬುವ ಚಿನಿತಾ ಮಾತೆಯ ಗಾಜು ಹಾಕಿದ ಪುಟ್ಟ ಚಿತ್ರವಿತ್ತು. ಮುದುಕಿ ಸ್ವಲ್ಪ ಹೊತ್ತು ಯೋಚಿಸಿ ಅದರ ಕಡೆ ತಿರುಗಿದಳು.

"ಚಿನಿತಾ ತಾಯಿ, ನಾನು ಮಂಡಿಗೆ ಔಷಧಿ ಮಾಡಿಸ್ಕೊಳ್ಳೋಕೆ ಹೊರಟೋಳು. ಈ ಮನುಷ್ಯ ನನ್ನ ಆವಿಯಲ್ಲಿ ಬೇಯಿಸ್ತಾ ಇದಾನೆ."

"ನಾಳೆ ಸರಿ ಹೋಗುತ್ತೆ ಅತ್ತೆ," ಎಂದ ನೆರಿಯೋ.

"ಯಾರೋ ಏನೋ ಅಂದ ಹಾಗಾಯ್ತು, ತಾಯಿ."

ಹಿಂದಿನ ಸೀಟಿನಲ್ಲಿ ಬೇರೆ ಕಾರು ಸಿಗದೆ ಹತ್ತಿದ್ದ ಒಬ್ಬ ಬ್ಯಾಂಕಿನ ಗುಮಾಸ್ತ ಕತ್ತಿನ ಟೈ ಸಡಿಲಿಸಿ, ತನಗೂ ಹಾಗೇ ಅನಿಸಿತು ಎಂದ.

ನೆರಿಯೋ ಆ ವಾರ ತಿಳಿದದ್ದನ್ನೆಲ್ಲ ಮಾಡಿದ. ಒಳಗಿನ ಗಾಳಿಯ ದಾರಿಗಳನ್ನು ಬ್ರಷ್ಷಿನಿಂದ ಉಜ್ಜಿದ. ಬೆಲ್ಟು ಬಿಗಿ ಮಾಡಿದ. ಎಂಜಿನ್ನಿನ ಬಿಸಿನೀರು ಒಳಗೆ ಸೋರುತ್ತಿದೆಯೇನೋ ಎಂದು ಹೀಟರಿನ ಕೊಳವೆಯನ್ನೇ ಕಟ್ಟಿಹಾಕಿದ. ಕಿಟಕಿಗಳಿಗೆ ಪರದೆ ಹಾಕಿದ. ಜನ ಅದನ್ನು ಶವದ ಗಾಡಿ ಎಂದುಕೊಂಡು ಶಿಲುಬೆ ಗುರುತು ಮಾಡಿಕೊಂಡು ದಾರಿ ಬಿಟ್ಟರು. ಪರದೆ ತೆಗೆದ. ದಿನಾ ಬೆಳಿಗ್ಗೆ ಅತ್ತೆ ಮಾತೆಗೆ ವರದಿ ಒಪ್ಪಿಸಿದಳು: ನಿನ್ನೆಗಿಂತ ಬಿಸಿ, ನಿನ್ನೆಯಷ್ಟೇ ಬಿಸಿ, ನಿನ್ನೆಯದೇ ವಾಸಿಯಿತ್ತು.

ಒಂದು ದಿನ ದಾರಿಯಲ್ಲಿ ಊರಿನ ನೀರಿನ ಕೊಳವೆ ಒಡೆದು ರಸ್ತೆ ಮುಚ್ಚಿತ್ತು. ನೆರಿಯೋ ಮಾಮೂಲಿ ದಾರಿ ಬಿಟ್ಟು ಸರೋವರದ ದಂಡೆಯ ಹೆದ್ದಾರಿ ಹಿಡಿದು, ಸುತ್ತು ಹಾಕಿ ಚಿಕಿತ್ಸಾಲಯಕ್ಕೆ ಹೋಗಬೇಕಾಯಿತು. ಅಲ್ಲಿ ಸಿಗ್ನಲ್ ಇಲ್ಲ, ಕಾರು ಜೋರಾಗಿ ಓಡಿತು. ಮುದುಕಿ ಬೀಸಣಿಗೆ ಮಡಿಸಿ ಮಡಿಲಲ್ಲಿಟ್ಟಳು. ಮತ್ತೆ ಊರೊಳಗೆ ಬಂದು ಮೊದಲ ಕೆಂಪು ದೀಪಕ್ಕೆ ನಿಂತಾಗ ಬೀಸಣಿಗೆ ಬಿಚ್ಚಿದಳು.

"ನೋಡು ತಾಯಿ, ಓಡೋವಾಗ ಚೆನ್ನಾಗಿತ್ತು. ನಿಂತ ತಕ್ಷಣ ಒಲೆ ಊದ್ದಂಗಾಯ್ತು. ನಿನ್ನೆಯೂ ಹೀಗೇ, ಮೊನ್ನೆಯೂ ಹೀಗೇ. ಮಲ್ಕೊಂಡ ಕತ್ತೆ ಇದು, ಹೊಡೆದ್ರೆ ಮಾತ್ರ ಏಳುತ್ತೆ."

ನೆರಿಯೋ ಹಸಿರು ದೀಪ ಬಂದರೂ ಹೊರಡಲಿಲ್ಲ. ಹಿಂದಿನವರು ಹಾರ್ನ್ ಹೊಡೆದು, ಅವನ ತಾಯಿಯನ್ನೂ ಅಜ್ಜಿಯನ್ನೂ ನೆನೆಸಿಕೊಂಡರು. ಅವನು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನು ನೋಡುತ್ತಿದ್ದ. ಅದೂ ನಿಂತಾಗ ಮೇಲೇರುತ್ತಿತ್ತು, ಓಡಿದಾಗ ಇಳಿಯುತ್ತಿತ್ತು. ಹಾಗಾದರೆ ಕೊರತೆ ಗ್ಯಾಸಿನದಲ್ಲ, ಗಾಳಿಯದು. ಓಡುವಾಗ ರಸ್ತೆಯ ಗಾಳಿಯೇ ಮುಂದಿನಿಂದ ನುಗ್ಗುತ್ತದೆ. ನಿಂತಾಗ ಫ್ಯಾನು ಎಳೆದುಕೊಳ್ಳಬೇಕು, ಅದು ಎಳೆಯುತ್ತಿಲ್ಲ.

ಅತ್ತೆಯನ್ನು ಇಳಿಸಿ, ಚಿಕಿತ್ಸಾಲಯದ ಬೇವಿನ ಮರದ ಕೆಳಗೆ ಎಂಜಿನ್ ಆರಿಸಿ ಬಾನೆಟ್ ಎತ್ತಿದ. ಬಿಸಿಯಿದ್ದಾಗಲೇ ಫ್ಯಾನಿನ ರೆಕ್ಕೆಗೆ ಒಂದು ತಟ್ಟು ತಟ್ಟಿದ. ಗಟ್ಟಿಯಾಗಿ ತಡೆಯಬೇಕಾದ ಫ್ಯಾನು ಜಾತ್ರೆಯ ಗಿರಿಗಿಟ್ಲೆಯ ಹಾಗೆ ಗರಗರನೆ ತಿರುಗಿತು. ಎಂಜಿನ್ನಿನ ಜೊತೆ ಅದನ್ನು ತಿರುಗಿಸುವ ಕ್ಲಚ್ಚು ಸತ್ತು ಯಾವ ಕಾಲವಾಗಿತ್ತೋ. ಮುಂದಿನ ಜಾಲರಿಯೊಳಗೆ ಟಾರ್ಚು ಬಿಟ್ಟು ನೋಡಿದ. ರೇಡಿಯೇಟರಿಗೂ ಏಸಿಯ ಸುರುಳಿಗೂ ನಡುವೆ ಬೇವಿನೆಲೆ, ಪಾರಿವಾಳದ ಗರಿ, ಚಿಟ್ಟೆಯ ರೆಕ್ಕೆ, ಚುನಾವಣೆಯ ಒಂದು ಕರಪತ್ರ ಎಲ್ಲ ಸೇರಿ ಕಂಬಳಿಯಾಗಿತ್ತು. ಕರಪತ್ರದ ಅಭ್ಯರ್ಥಿ ಸೋತು ಎರಡು ಚುನಾವಣೆ ಕಳೆದಿದ್ದವು.

ಮಧ್ಯಾಹ್ನ ಎಬೆರ್ತೋನ ಅಂಗಳದಲ್ಲಿ ಇಬ್ಬರೂ ಆ ಕಂಬಳಿಯನ್ನು ಕೈಯಿಂದ ಕಿತ್ತು, ಸುರುಳಿಯ ತೆಳು ತಗಡುಗಳು ಮಡಚಿಕೊಳ್ಳದ ಹಾಗೆ ಮೆಲ್ಲಗೆ ನೀರು ಬಿಟ್ಟು ತೊಳೆದರು. ಗುಜರಿಯಲ್ಲಿದ್ದ ಅದೇ ಜಾತಿಯ ಇನ್ನೊಂದು ಕಾರಿನಿಂದ ಕ್ಲಚ್ಚು ತಂದು ಕೂರಿಸಿದರು. ಹೆಚ್ಚಾಗಿ ತುಂಬಿದ್ದ ಗ್ಯಾಸನ್ನು ಎಬೆರ್ತೋ ಯಂತ್ರ ಹಚ್ಚಿ ಡಬ್ಬಿಗೆ ಎಳೆದುಕೊಂಡ.

"ಗ್ಯಾಸೇ ತೊಂದ್ರೆ ಅಂತ ನಾನು ಹೇಳಿರ್ಲಿಲ್ವಾ?" ಎಂದ ಎಬೆರ್ತೋ.

"ಕಮ್ಮಿ ಆಗಿದೆ ಅಂದಿದ್ದೆ."

"ಹೆಚ್ಚೋ ಕಮ್ಮಿಯೋ, ತೊಂದ್ರೆ ಗ್ಯಾಸ್ದೇ ತಾನೆ?"

ಮಾರನೆಯ ಬೆಳಿಗ್ಗೆ ಕಾರು ತುಂಬಿತು. ಒಬ್ಬ ದಪ್ಪ ನರ್ಸು, ಇಬ್ಬರು ಅಂಗಡಿ ಹುಡುಗಿಯರು, ಅದೇ ಬ್ಯಾಂಕಿನ ಗುಮಾಸ್ತ, ಮುಂದೆ ದಿಂಬಿನ ಮೇಲೆ ದೋನ್ಯಾ ಎಗ್ದಾ. ಮೂರನೆಯ ಸಿಗ್ನಲ್ಲಿನಲ್ಲಿ ನಿಂತಾಗಲೂ ಗಾಳಿ ಮಂಜಿನ ಹಾಗೆ ಬಂತು. ನರ್ಸು ಕಣ್ಣು ಮುಚ್ಚಿ ದೇವರನ್ನು ಸ್ತುತಿಸಿದಳು. ಮುದುಕಿ ತೋಳು ಕಟ್ಟಿದಳು, ಮೂಗು ಎಳೆದಳು, ಮಾತೆಯ ಕಡೆ ನೋಡಿದಳು. ಮಾತೆಯ ಗಾಜಿನ ಮೇಲೆ ಹನಿ ಕಟ್ಟಿತ್ತು.

"ನೆರಿಯೋ, ಸ್ವಲ್ಪ ತಗ್ಗಿಸು."

ನೆರಿಯೋನ ಕಾಲು ಬ್ರೇಕಿನ ಮೇಲೆಯೇ ಉಳಿಯಿತು. ಆ ಬಾಯಿಂದ ತನ್ನ ಹೆಸರನ್ನು ಅವನು ಹಿಂದೆ ಒಮ್ಮೆ ಮಾತ್ರ ಕೇಳಿದ್ದ, ಅದೂ ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಪಾದ್ರಿ ಕೇಳಿದಾಗ.

"ಏನಂದ್ರಿ ಅತ್ತೆ?"

"ಕಿವುಡನಾ? ತಗ್ಗಿಸು ಅಂದೆ. ನನ್ನ ಮಂಡಿ ಮರಗಟ್ಟಿತು."

"ಬೇಡ, ಬೇಡ!" ಎಂದು ಹಿಂದಿನಿಂದ ಕೂಗು ಬಂತು. "ಅಜ್ಜಿ, ನನ್ನ ಶಾಲು ತಗೊಳ್ಳಿ," ಎಂದು ನರ್ಸು ಮುಂದಕ್ಕೆ ಚಾಚಿದಳು. ಮುದುಕಿ ಶಾಲು ಹೊದ್ದಳು. ಅದನ್ನು ಹಿಂದಿರುಗಿಸಿದಳೋ ಇಲ್ಲವೋ ನೆರಿಯೋಗೆ ತಿಳಿಯಲಿಲ್ಲ, ಆದರೆ ಮರುದಿನ ಅವಳು ಉಣ್ಣೆಯ ಸ್ವೆಟರ್ ತೊಟ್ಟು, ಹೊರಗೆ ಹೆಂಚು ಕಾದು ಸಿಡಿಯುವ ಬಿಸಿಲಿನಲ್ಲಿ ಗೇಟಿನ ಬಳಿ ಕಾದು ನಿಂತಿದ್ದಳು.

ಮಂಡಿಯ ವ್ಯಾಯಾಮ ಮುಗಿಯಿತು. ಡಾಕ್ಟರು ಇನ್ನು ಬರುವುದು ಬೇಡ ಎಂದರು. ದೋನ್ಯಾ ಎಗ್ದಾ ಬರುವುದನ್ನು ನಿಲ್ಲಿಸಲಿಲ್ಲ. ಚಿಕಿತ್ಸಾಲಯದಲ್ಲಿ ಇಳಿಯುವುದನ್ನು ಮಾತ್ರ ನಿಲ್ಲಿಸಿದಳು. ಊಟದ ಹೊತ್ತಿನವರೆಗೂ ಬೆಯಾ ವಿಸ್ತಾದಲ್ಲಿ ಹೋಗಿ ಬರುತ್ತ, ಹತ್ತುವವರಿಗೆ ಬಾಗಿಲು ಮೆಲ್ಲಗೆ ಹಾಕಲು ಹೇಳುತ್ತ, ಅಳಿಯ ತಿರುವುಗಳನ್ನು ತೆಗೆದುಕೊಳ್ಳುವ ರೀತಿಯನ್ನು ನೇರವಾಗಿ ಅವನಿಗೇ ಬೈಯುತ್ತ ಕೂತಳು. ಒಂದು ಸೀಟಿನ ಬಾಡಿಗೆ ಹೋಯಿತು. ನೆರಿಯೋ ಸುಲಾಯ್‌ಗೆ ಅದನ್ನು ಹೇಳಬೇಕೆಂದು ಎರಡು ಸಲ ಬಾಯಿ ತೆರೆದು, ಎರಡು ಸಲವೂ ಉಪ್ಪು ಕೇಳಿದ.

ಒಂದು ಮಧ್ಯಾಹ್ನ, ಕಾರು ಖಾಲಿಯಿದ್ದು ಸಿಗ್ನಲ್ ಉದ್ದವಿದ್ದಾಗ, ಅವಳು ರಸ್ತೆಯನ್ನೇ ನೋಡುತ್ತ ಕೇಳಿದಳು, "ನಿಮ್ಮಮ್ಮ ಯಾವ ಕಡೆಯೋಳು?"

"ತೋಆಸ್ ದ್ವೀಪ ಅತ್ತೆ. ಸುಣ್ಣದ ಕಲ್ಲಿನ ಗಣಿ ಹತ್ರ."

"ನನಗೆ ಯಾರೂ ಹೇಳ್ಲೇ ಇಲ್ಲ."

ನೀವು ಕೇಳಲಿಲ್ಲ ಎನ್ನಬಹುದಿತ್ತು. ಅದರ ಬದಲು ನೆರಿಯೋ, ತಾಯಿ ಬಿಳಿ ಧೂಳು ಮೆತ್ತಿದ ಕೂದಲಲ್ಲಿ ಅಪ್ಪನಿಗೆ ಊಟ ಒಯ್ಯುತ್ತಿದ್ದುದನ್ನೂ, ಮೀನು ಹುರಿಯುವಾಗ ಹಾಡುತ್ತಿದ್ದುದನ್ನೂ, ತನ್ನ ಮದುವೆಯ ದಿನ ದೋಣಿ ತಪ್ಪಿ ಅವಳು ಚರ್ಚಿಗೆ ಬರಲಾಗದೆ ಹೋದುದನ್ನೂ ಹೇಳತೊಡಗಿದ. ದೀಪ ಹಸಿರಾಯಿತು, ಕೆಂಪಾಯಿತು, ಮತ್ತೆ ಹಸಿರಾಯಿತು.