ಹೆಸರಿಡದ ಕೂಸೂ ನಮ್ಮ ಕೂಸೇ

ತಮಿಳುನಾಡಿನ ಗಡಿಯೊಳಗಿರುವ ಉದ್ದನಪಲ್ಲಿಯ ನಮ್ಮ ಪಾಪಮ್ಮನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಯಾರ ಹಸು ಕರು ಹಾಕಿತು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಎಲ್ಲವನ್ನೂ ಬೀದಿಗೆ ಹಂಚುವವಳು ಅವಳೇ. ಒಂದನ್ನು ಮಾತ್ರ ಎರಡು ವರ್ಷದಿಂದ ಹೇಳಿರಲಿಲ್ಲ. ಸೊಸೆ ಶಶಿರೇಖಾಳ ಚೊಚ್ಚಲ ಕೂಸು ಹುಟ್ಟಿದ ಆರನೇ ದಿನ ತೀರಿಕೊಂಡಿತ್ತು. ಹೆಸರಿಡುವ ಮೊದಲೇ ಹೋದ ಕೂಸಿನ ಮಾತನ್ನು ನಮ್ಮಲ್ಲಿ ಎತ್ತುವುದಿಲ್ಲ. ಹೊಲದ ಬದುವಿನಲ್ಲಿ ಮಣ್ಣು ಮಾಡಿ ಸುಮ್ಮನಾಗುತ್ತಾರೆ.

ಅದು ಎರಡು ಸಾವಿರದ ಏಳನೇ ಇಸವಿ. ಶಶಿರೇಖಾ ಮತ್ತೆ ತುಂಬು ಬಸುರಿ. ಮಾಗಿ ಚಳಿಗೆ ಹೆರಿಗೆ. ಇದಾದರೂ ಉಳಿದೀತೇ ಎಂಬ ಹೆದರಿಕೆ ಅತ್ತೆಗೂ ಇತ್ತು, ಸೊಸೆಗೂ ಇತ್ತು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಒಂದು ಮಧ್ಯಾಹ್ನ ನರ್ಸ್ ಪದ್ಮಶ್ರೀ ಹುಟ್ಟು-ಸಾವು ಬರೆದಿಡುವ ದಪ್ಪ ಪುಸ್ತಕ ಹಿಡಿದು ಬಂದಳು. ಪುಸ್ತಕ ತಮಿಳಿನದು, ಮಾತು ನಮ್ಮದೇ.

"ಇದು ಎರಡ್ನೇ ಬಸುರು ಅಂದ್ಲು ಶಶಿರೇಖಾ. ಮೊದಲ್ನೇ ಮಗು ಎಲ್ಲಕ್ಕ?" ಎಂದು ಪಾಪಮ್ಮನನ್ನು ಕೇಳಿದಳು.

"ಹೋಯ್ತು ಬುಡಮ್ಮ. ಅದಕ್ಕೆ ಹೆಸರೇ ಇಕ್ಕಿರ್ಲಿಲ್ಲ, ಏನಂತ ಬರ್ಕೋತೀಯ?"

"ಹೆಸರು ಬ್ಯಾಡ. ಶಶಿರೇಖಾ ಮಗು ಅಂತ ಬರೆದ್ರೆ ಸಾಕು."

"ಬರೆದ್ರೆ ಎದ್ದು ಬತ್ತದಾ?"

"ಬರಲ್ಲಕ್ಕ. ಆದ್ರೆ ನಿಮ್ ಬೀದೀಲಿ ಹಸುಗೂಸು ಒಂದೂ ಸತ್ತಿಲ್ಲ ಅಂತೈತೆ ಈ ಪುಸ್ತಕದಾಗೆ. ಸತ್ತೇ ಇಲ್ಲ ಅಂದ್ಮೇಲೆ, ಯಾಕೆ ಸತ್ತವು ಅಂತ ಯಾರು ಕೇಳ್ತಾರೆ?"

ಪಾಪಮ್ಮ ದನಿ ತಗ್ಗಿಸಿದಳು.

"ನಮ್ದೊಂದೇ ಅಲ್ಲ. ಬಚ್ಚಪ್ಪನ ಮನೇದೂ ಹೋಯ್ತು, ಮುನಿವೆಂಕಟಮ್ಮನ ಮೊಮ್ಮಗೂನೂ ಹೋಯ್ತು. ಮೂರೂ ಚಳಿ ಕಾಲದಾಗೆ. ಮೈ ತಣ್ಣಗಾಗಿ, ಹಾಲೇ ಕುಡೀಲಿಲ್ಲ."

"ಹುಟ್ಟಿದ ತಕ್ಷಣ ನೀರು ಹುಯ್ದಿದ್ರಾ?"

"ಹೂಂ. ಈ ಬೀದಿ ಕೂಸುಗಳಿಗೆಲ್ಲ ನಾನೇ ಅಲ್ವಾ ಹುಯ್ಯೋದು," ಎಂದವಳು ಅಲ್ಲಿಗೇ ನಿಲ್ಲಿಸಿದಳು. ತನ್ನ ಕೈಗಳನ್ನೇ ನೋಡಿಕೊಂಡಳು.

ಪದ್ಮಶ್ರೀ ಆ ಕೈ ಹಿಡಿದುಕೊಂಡಳು. "ಒಳ್ಳೇದಕ್ಕೇ ಮಾಡಿದ್ರಿ ಅಕ್ಕ. ಯಾರೂ ನಿಮಗೆ ಹೇಳಿರ್ಲಿಲ್ಲ. ಹಸೀ ಕೂಸಿಗೆ ಚಳಿ ತಡ್ಯಾಕಾಗಲ್ಲ. ಒರೆಸಿ, ಸುತ್ತಿ, ತಾಯಿ ಎದೆಗೆ ಕೊಡಬೇಕು. ಮೊದಲ್ನೇ ದಿನ ನೀರು ಬ್ಯಾಡ. ಹೆರಿಗೆ ಆಸ್ಪತ್ರೇಲೇ ಆಗ್ಲಿ."

ಬಾಗಿಲ ಹಿಂದಿನಿಂದ ಶಶಿರೇಖಾ ಹೇಳಿದಳು, "ಹೆಣ್ಣು ಕೂಸು. ಆರು ದಿವಸ ಇತ್ತು. ಬರ್ಕೊಳ್ಳಿ ಅಕ್ಕ."

ಎರಡು ವರ್ಷದಲ್ಲಿ ಆ ಕೂಸಿನ ಬಗ್ಗೆ ಅವಳು ಆಡಿದ ಮೊದಲ ಮಾತು ಅದು. ಅತ್ತೆ, ಸೊಸೆ ತಬ್ಬಿಕೊಂಡು ಅತ್ತರು. ಆಮೇಲೆ ಪಾಪಮ್ಮನೇ ನರ್ಸನ್ನು ಉಳಿದೆರಡು ಮನೆಗೂ ಕರೆದುಕೊಂಡು ಹೋದಳು.

ಮಾಗಿಯಲ್ಲಿ ಶಶಿರೇಖಾ ಆಸ್ಪತ್ರೆಯಲ್ಲಿ ಗಂಡು ಮಗು ಹೆತ್ತಳು. ಮಗು ಅಮ್ಮನ ಎದೆಗೆ ಅಂಟಿಕೊಂಡೇ ಹಾಲು ಕುಡಿಯಿತು. ನೋಡಲು ಬಂದ ನೆಂಟರೊಬ್ಬರು "ನೀರು ಹುಯ್ಯಲ್ವಾ?" ಎಂದದ್ದೇ ತಡ, ಪಾಪಮ್ಮ ಅವರನ್ನು ಕೂರಿಸಿಕೊಂಡು ಅರ್ಧ ಗಂಟೆ ಪಾಠ ಮಾಡಿದಳು. ವರ್ಷ ತುಂಬುವ ಮೊದಲೇ ಆ ಪೋರ ಅಂಬೆಗಾಲಿಕ್ಕಿ ಅಜ್ಜಿಯ ಎಲೆಅಡಿಕೆ ಚೀಲ ಕದಿಯತೊಡಗಿದ.

ಅಮ್ಮಂದಿರೇ, ಅಜ್ಜಿಯಂದಿರೇ, ನಿಮ್ಮ ಮನೆಯಲ್ಲೂ ಹೀಗೆ ಯಾರಿಗೂ ಹೇಳದೆ ಮಣ್ಣು ಮಾಡಿದ ಕೂಸು ಇದೆಯೇ? ನರ್ಸ್ ಬಂದಾಗ ಹೇಳಿ, ಬರೆಸಿ. ಒಂದೇ ದಿನ ಬದುಕಿದ್ದರೂ ಅದು ನೀವು ಹೆತ್ತ ಮಗು. ಅದು ಯಾಕೆ ಹೋಯಿತೆಂದು ತಿಳಿದರೆ ಪಕ್ಕದ ಮನೆಯ ಮಗು ಉಳಿಯುತ್ತದೆ.